ಹಿಂದಿನ ಚಕ್ರ

ಜುಲೈ 4

ಪ್ರೀತಿಯ ಅಕ್ಕಾ,

ನಿನ್ನ ಗುಡ್ಡದ ಮೇಲೆ ಮೊಬೈಲ್ ಸಿಗ್ನಲ್ ಇಲ್ಲ ಎಂದು ಮೊದಲ ಸಲ ಖುಷಿಯಾಗುತ್ತಿದೆ. ಫೋನಿನಲ್ಲಾದರೆ ನೀನು 'ಸರಿ, ಇಡ್ತೀನಿ' ಎಂದು ಎರಡೇ ನಿಮಿಷಕ್ಕೆ ನನ್ನ ಬಾಯಿ ಮುಚ್ಚಿಸುತ್ತಿದ್ದೆ. ಪತ್ರದ ಬಾಯಿ ಮುಚ್ಚಿಸಲಾರೆ. ಹವಾಮಾನ ಕೇಂದ್ರದಲ್ಲಿ ಕುಳಿತು ಗಾಳಿಯ ವೇಗ, ಮಳೆಯ ಮಿಲಿಮೀಟರು ಬಿಟ್ಟರೆ ನಿನಗೆ ಓದಲು ಏನಿದೆ? ವಾರಕ್ಕೊಮ್ಮೆ ಜೀಪಿನಲ್ಲಿ ಟಪಾಲು ಬಂದಾಗ ನನ್ನನ್ನೇ ಓದಬೇಕು, ಅನುಭವಿಸು.

ಸುದ್ದಿ ಏನೆಂದರೆ, ಇವರು ನನಗೆ ಸೈಕಲ್ ತಂದಿದ್ದಾರೆ. ಮದುವೆಯಾಗಿ ತಿಂಗಳು ತುಂಬಿಲ್ಲ, ಯಾರ ಗಂಡ ಸೈಕಲ್ ತರುತ್ತಾನೆ ಹೇಳು. ಕಪ್ಪು ಬಣ್ಣ, ಹಸಿರು ಗೀರು, ಎತ್ತಿದರೆ ಬೆಕ್ಕನ್ನು ಎತ್ತಿದಷ್ಟೇ ಭಾರ. ನೀರಿನ ಟ್ಯಾಂಕಿನ ಏರಿನಲ್ಲಿ ನಾನು ಇವರನ್ನು ಹಿಂದೆ ಹಾಕಿದ ಕಥೆ ನಿನಗೆ ಗೊತ್ತಲ್ಲ. ಇವರು ಹೆಲ್ಮೆಟ್ಟು, ಕೈಗವಸು, ಬಿಗಿ ಚಡ್ಡಿ. ನಾನು ನಮ್ಮ ಹಳೇ ಸೈಕಲ್ಲು, ಕ್ಯಾರಿಯರಿನ ಮೇಲೆ ರಿಪೇರಿಗೆ ಹೊರಟ ಗ್ಯಾಸ್ ಒಲೆ. ಒಲೆಯನ್ನು ನೋಡಿಯೇ ಮದುವೆಯಾದೆ ಎಂದು ಇವರು ಈಗಲೂ ಎಲ್ಲರಿಗೂ ಹೇಳುತ್ತಾರೆ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಅಕ್ಕಾ, ನಿಜವಾಗಿಯೂ.

ಸೈಕಲ್ ಸದ್ಯಕ್ಕೆ ಒಳಕೋಣೆಯಲ್ಲಿದೆ. ಹಿಂದಿನ ಚಕ್ರ ಬಿಚ್ಚಿ, ಆ ಜಾಗಕ್ಕೆ ಟ್ರೈನರ್ ಎಂಬ ಯಂತ್ರ ಕೂರಿಸಿದ್ದಾರೆ. ಒಂದು ದಪ್ಪ ಕಬ್ಬಿಣದ ಬಿಲ್ಲೆ. ನಾನು ತುಳಿದರೆ ಅದು ತಿರುಗುತ್ತದೆ, ಸೈಕಲ್ ಮಾತ್ರ ಇದ್ದಲ್ಲೇ ಇರುತ್ತದೆ. ಪೆಡಲಿನ ತೋಳಿನೊಳಗೆ ಪವರ್ ಮೀಟರ್ ಇದೆ. ಕಾಲು ಒತ್ತಿದಾಗ ಆ ಲೋಹದ ತೋಳು ಕೂದಲೆಳೆಯಷ್ಟು ಬಾಗುತ್ತದಂತೆ. ಆ ಬಾಗನ್ನು ಅಳೆದು, ಎಷ್ಟು ಜೋರಾಗಿ ತುಳಿಯುತ್ತೇನೆ ಎಂಬುದನ್ನು ವ್ಯಾಟ್ ಲೆಕ್ಕದಲ್ಲಿ ಹ್ಯಾಂಡಲಿನ ಮೇಲಿನ ಪುಟ್ಟ ಡಿಸ್‌ಪ್ಲೇಯಲ್ಲಿ ತೋರಿಸುತ್ತದೆ. ನಿನ್ನ ಇಲಾಖೆಯ ವಿಷಯ, ನಿನಗೆ ಇಷ್ಟವಾಗುತ್ತದೆ ಎಂದು ಇಷ್ಟು ಬರೆದೆ.

ಈಗ ಸಿಹಿಯಾದ ಭಾಗ. ದಿನಾ ತುಳಿಯುವ ಮೊದಲು ಮೀಟರನ್ನು ಸೊನ್ನೆಗೆ ತರಬೇಕು. ನಾನು ಸೀಟಿನ ಮೇಲೆ ಮಹಾರಾಣಿಯ ಹಾಗೆ ಕೂರುತ್ತೇನೆ. ಇವರು ಮೊಣಕಾಲೂರಿ ನನ್ನ ಎರಡೂ ಶೂಗಳನ್ನು ಪೆಡಲಿಗೆ ಕಟಕ್ ಎಂದು ಸಿಕ್ಕಿಸಿ, 'ಅಲ್ಲಾಡಬೇಡ' ಎಂದು ಡಿಸ್‌ಪ್ಲೇ ಒತ್ತುತ್ತಾರೆ. ನಾನು ಉಸಿರು ಬಿಗಿಹಿಡಿದು ಬೊಂಬೆಯಾಗುತ್ತೇನೆ. ಸೊನ್ನೆಯಾದ ಮೇಲೆ ಹೊರಡು ಎನ್ನುತ್ತಾರೆ. ಹೊರಡುವುದು ಎಲ್ಲಿಗೆ, ಗೋಡೆಯ ಕಡೆಗೆ.

ಇಪ್ಪತ್ತು ನಿಮಿಷ ಬಿಡದೆ ನೂರಾ ಅರವತ್ತು ವ್ಯಾಟ್ ಹಿಡಿದರೆ ಚಕ್ರ ಹಾಕಿಕೊಡುತ್ತಾರೆ, ರಸ್ತೆಗೆ ಇಳಿಯಬಹುದು. ಅಲ್ಲಿಯವರೆಗೆ ಬೇಡ. ಇವರ ಕೆಲಸ ಗೊತ್ತಲ್ಲ, ವಿಮಾ ಕಂಪನಿಗೆ ಅಪಘಾತದ ಗಾಡಿಗಳನ್ನು ನೋಡಿ ನಷ್ಟದ ಅಂದಾಜು ಬರೆಯುವುದು. ರಸ್ತೆ ಎಂದರೆ ಹೆದರುತ್ತಾರೆ ಪಾಪ. ಮೊದಲ ದಿನ ತೊಂಬತ್ನಾಲ್ಕು ಬಂತು. ಪರವಾಗಿಲ್ಲ. ಸೆಪ್ಟೆಂಬರಿನಲ್ಲಿ ನಿನ್ನ ಗುಡ್ಡ ಹತ್ತಿ ಬರುತ್ತೇನೆ ಎಂದು ಮಾತು ಕೊಟ್ಟಿದ್ದೇನಲ್ಲ, ಬಂದೇ ಬರುತ್ತೇನೆ. ಚಹಾಕ್ಕೆ ನೀರಿಟ್ಟಿರು.

ನಿನ್ನ ಬುಗುರಿ


ಜುಲೈ 16

ಬುಗುರಿ,

ಪತ್ರ ಬಂತು. ಸಂತೋಷವಾಯಿತು.

ನಿನ್ನ ಆರೋಗ್ಯ ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡು. ತಲೆ ತಿರುಗುವುದು ಏನಾದರೂ ಇದ್ದರೆ ಮುಚ್ಚಿಡಬೇಡ, ಡಾಕ್ಟರಿಗೆ ತೋರಿಸು. ಸೆಪ್ಟೆಂಬರಿಗೆ ಬರಲೇಬೇಕು ಎಂದೇನಿಲ್ಲ. ಇಲ್ಲಿನ ಏರು ಬಹಳ ಕಡಿದು, ಕೊನೆಯ ತಿರುವಿನಲ್ಲಿ ಜೀಪೇ ಏದುಸಿರು ಬಿಡುತ್ತದೆ. ಮುಂದಿನ ವರ್ಷ ನೋಡೋಣ.

ಗಾಳಿ ಜೋರಾಗಿದೆ. ದಿಕ್ಕು ತೋರಿಸುವ ಗಾಳಿಕೋಳಿಯ ಬೇರಿಂಗ್ ಸವೆದಿದೆ, ಬದಲಿಸಬೇಕು.

ಅಕ್ಕ


ಜುಲೈ 27

ಪ್ರೀತಿಯ ಅಕ್ಕಾ,

ನನ್ನ ಆರೋಗ್ಯಕ್ಕೆ ಏನಾಗಿದೆ? ಗುಂಡುಕಲ್ಲಿನಂತಿದ್ದೇನೆ. ನಾನು ಅಷ್ಟುದ್ದ ಬರೆದರೆ ನೀನು ಬೇರಿಂಗಿನ ಕಥೆ ಬರೆಯುತ್ತೀಯ. ಇರಲಿ, ನನಗೆ ಬೇಸರವಿಲ್ಲ. ಬೇಸರವಿದ್ದವರು ಇಷ್ಟು ದೊಡ್ಡ ಕಾಗದ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಎಲ್ಲವೂ ಚೆನ್ನಾಗಿದೆ. ಇವರು ಆಫೀಸಿನಿಂದ ಬಂದ ತಕ್ಷಣ ನಮ್ಮ 'ರೈಡ್'. ಟ್ರೈನರಿನ ಸದ್ದು ಪಕ್ಕದವರಿಗೆ ಕೇಳಬಾರದೆಂದು ಕಿಟಕಿ ಹಾಕುತ್ತೇವೆ. ಫ್ಯಾನ್ ಇದೆ. ಎದುರಿನ ಗೋಡೆಯಲ್ಲಿ ಸುಣ್ಣ ಎದ್ದು ಒಂದು ಕಲೆಯಾಗಿದೆ, ನೋಡಿದರೆ ಸೊಂಡಿಲಿಲ್ಲದ ಆನೆ. ಅದನ್ನು ದಾಟಿಕೊಂಡು ಹೋಗುತ್ತಿದ್ದೇನೆ ಎಂದು ಅಂದುಕೊಳ್ಳುತ್ತೇನೆ. ಕೆಳಗಿಳಿದಾಗಲೂ ಆನೆ ಅಲ್ಲೇ ಇರುತ್ತದೆ.

ವ್ಯಾಟ್ ಮಾತ್ರ ಮೇಲೇಳುತ್ತಿಲ್ಲ. ನೂರಾ ಒಂದು. ತೊಂಬತ್ತೇಳು. ಒಂದು ದಿನ ಎಂಬತ್ತೆಂಟು, ಅವತ್ತು ನಾನು ಸತ್ತೇ ಹೋಗುವಷ್ಟು ತುಳಿದಿದ್ದೆ. ಸೊನ್ನೆ ಮಾಡಿದಾಗ ಡಿಸ್‌ಪ್ಲೇ ಒಂದು ಅಂಕಿ ತೋರಿಸುತ್ತದೆ, ಅದೂ ಲಾಟರಿಯ ಹಾಗೆ ದಿನಕ್ಕೊಂದು. ಮೀಟರೇ ತಪ್ಪಿರಬಹುದೇನೋ ಎಂದು ಕೇಳಿದೆ. ಇವರು ನಕ್ಕು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು. ನನಗೂ ನಗು ಬಂತು. ಆಮೇಲೆ ಸ್ನಾನದ ಮನೆಯಲ್ಲಿ ಅಷ್ಟು ನಗು ಬರಲಿಲ್ಲ. ಒಲೆ ಹೊತ್ತು ಏರು ಹತ್ತಿದ ಕಾಲುಗಳು ಇವೇ ತಾನೇ? ಮದುವೆಯಾದರೆ ಮೂಳೆ ಹತ್ತಿಯಾಗುತ್ತದೆಯೇ? ನಿನಗೆ ಗೊತ್ತಿರಲಿಕ್ಕಿಲ್ಲ, ನೀನು ಮಾಡಿಕೊಂಡಿಲ್ಲ.

ಅತ್ತೆಯ ವಿಷಯ ಬರೆದೇ ಇಲ್ಲ ಅಲ್ಲವೇ. ಮಾತು ಕಡಿಮೆ. ಈ ಐದನೇ ಮಹಡಿಯಿಂದ ಅವರು ಕೆಳಗೆ ಇಳಿದು ವರ್ಷದ ಮೇಲಾಯಿತಂತೆ. ಲಿಫ್ಟ್ ಕೆಟ್ಟಿದೆ, ಅವರಿಗೆ ಬಿಪಿ. ಅವರು ತಾರಸಿಯಿಂದ ಒಣಗಿದ ಬಟ್ಟೆ ಹೊತ್ತು ತಂದು ಕೂರುವುದಕ್ಕೂ ಇವರು ಆಫೀಸಿನಿಂದ ಬಂದು ಬಿಪಿ ನೋಡಲು ಅವರ ತೋಳಿಗೆ ಪಟ್ಟಿ ಸುತ್ತುವುದಕ್ಕೂ ಸರಿಯಾಗುತ್ತದೆ. ದಿನಾ ಹೆಚ್ಚು. 'ಅಮ್ಮಾ, ಮೆಟ್ಟಿಲು ಬೇಡ' ಎನ್ನುತ್ತಾರೆ. ಅತ್ತೆ ಸರಿ ಎನ್ನುತ್ತಾರೆ, ಬಟ್ಟೆ ಮಡಚುತ್ತಾರೆ. ಎಷ್ಟು ಕಾಳಜಿಯ ಮಗ ನೋಡು.

ನಾನು ಹೊರಗೇ ಹೋಗುವುದಿಲ್ಲ ಎಂದುಕೊಳ್ಳಬೇಡ. ಭಾನುವಾರ ಇವರ ಜೊತೆ ಹೋಗುತ್ತೇನೆ. ಒಬ್ಬಳೇ ರಸ್ತೆ ದಾಟುವುದು ಇವರಿಗೆ ಇಷ್ಟವಿಲ್ಲ. ಪತ್ರವನ್ನೂ ಇವರೇ ಆಫೀಸಿನ ದಾರಿಯಲ್ಲಿ ಅಂಚೆಗೆ ಹಾಕುತ್ತಾರೆ.

ಒಂದು ಮಾತು ಕೇಳಲೇ? ಬರಲೇಬೇಕು ಎಂದೇನಿಲ್ಲ ಎಂದು ಯಾಕೆ ಬರೆದೆ? ಮೊದಲು ನೀನೇ ಕರೆದದ್ದು.

ಬುಗುರಿ


ಆಗಸ್ಟ್ 22

ಬುಗುರಿ,

ನಿನ್ನ ಪತ್ರ ಈಗ ಬಂತು. ಮೇಲೆ ಬರೆದ ತಾರೀಖು ಜುಲೈಯದು, ಅಂಚೆಯ ಮುದ್ರೆ ಆಗಸ್ಟ್ ಹದಿನೇಳರದು. ನಡುವಿನ ದಿನಗಳಲ್ಲಿ ಅದು ಯಾರ ಚೀಲದಲ್ಲಿತ್ತೋ ನೀನೇ ಯೋಚಿಸು. ನೀನು ಮುನಿಸಿಕೊಂಡಿದ್ದೀಯ ಎಂದುಕೊಂಡು ನಾನೂ ಸುಮ್ಮನಿದ್ದೆ.

ಬರಬೇಡ ಎಂದದ್ದಕ್ಕೆ ಕಾರಣ ಹೇಳುತ್ತೇನೆ. ಜುಲೈ ಎರಡನೇ ವಾರ ನಿನ್ನ ಯಜಮಾನರು ಕೇಂದ್ರದ ಸರಕಾರಿ ಫೋನಿಗೆ ಕರೆ ಮಾಡಿದ್ದರು. ನಿನಗೆ ಶಕ್ತಿಯೇ ಇಲ್ಲ, ಸುಸ್ತಾಗಿ ಬೀಳುತ್ತೀಯ, ಏರು ಹತ್ತಿಸುವ ಆಸೆ ತೋರಿಸಬೇಡಿ, ನಾನು ಫೋನ್ ಮಾಡಿದ್ದು ಅವಳಿಗೆ ತಿಳಿಯುವುದು ಬೇಡ ಎಂದರು. ಬಹಳ ಮರ್ಯಾದೆಯಿಂದ ಮಾತಾಡಿದರು. ತೊಂಬತ್ನಾಲ್ಕು ಎಂದು ಅಂಕಿಯನ್ನೂ ಹೇಳಿದರು. ನನ್ನ ಬುದ್ಧಿ ನಿನಗೆ ಗೊತ್ತು. ಮಾತನ್ನು ನಂಬದವಳು ಅಂಕಿ ಹೇಳಿದರೆ ನಂಬಿಬಿಡುತ್ತೇನೆ. ಅಂಕಿ ಎಲ್ಲಿಂದ ಬಂತು ಎಂದು ಕೇಳಲಿಲ್ಲ. ದಿನಾ ಅದೇ ಕೇಳುವ ಕೆಲಸ ನನ್ನದು.

ಈಗ ಗಮನವಿಟ್ಟು ಓದು. ನಿನ್ನ ಮೊದಲ ಪತ್ರವನ್ನು ಮತ್ತೆ ತೆಗೆದು ನೋಡಿದೆ. ಸೊನ್ನೆ ಹಿಡಿಯುವಾಗ ಪೆಡಲಿನ ಮೇಲೆ ಏನೂ ಇರಬಾರದು. ನೀನು ಶೂ ಸಿಕ್ಕಿಸಿಕೊಂಡು ಕುಳಿತಿರುವಾಗ ಸೊನ್ನೆ ಹಿಡಿದರೆ ನಿನ್ನ ಕಾಲಿನ ಭಾರವನ್ನೇ ಮೀಟರು 'ಏನೂ ಇಲ್ಲ' ಎಂದು ತಿಳಿಯುತ್ತದೆ. ಆಮೇಲೆ ನೀನು ತುಳಿದದ್ದರಲ್ಲೆಲ್ಲ ಅಷ್ಟನ್ನು ಕಳೆದು ತೋರಿಸುತ್ತದೆ. ಮಳೆಮಾಪಕದಲ್ಲಿ ಅರ್ಧ ನೀರಿರುವಾಗ ಇದೇ ಸೊನ್ನೆ ಎಂದು ಗೆರೆ ಎಳೆದರೆ ಆ ವರ್ಷ ಊರಿಗೆಲ್ಲ ಬರ. ದಿನಕ್ಕೊಂದು ಅಂಕಿ ಬರುತ್ತದೆ ಎಂದೆಯಲ್ಲ, ಅದೂ ಅದಕ್ಕೇ. ಕಾಲು ದಿನಾ ಒಂದೇ ರೀತಿ ಕೂರುವುದಿಲ್ಲ.

ಪರೀಕ್ಷೆ ಮಾಡು. ಪೆಡಲ್ ಖಾಲಿ ಬಿಟ್ಟು, ತೋಳು ನೇರ ಕೆಳಗೆ ಇಳಿಬಿಟ್ಟು ಸೊನ್ನೆ ಹಿಡಿ. ಆಮೇಲೆ ತೋಳನ್ನು ನೆಲಕ್ಕೆ ಸಮವಾಗಿ ತಂದು, ಅಳೆದು ಹತ್ತು ಲೀಟರು ನೀರು ಹಾಕಿದ ಬಕೆಟ್ಟನ್ನು ಪೆಡಲಿಗೆ ನೇತುಹಾಕು. ಬಿಲ್ಲೆ ತಿರುಗದಂತೆ ಯಾರಾದರೂ ಹಿಡಿಯಬೇಕು. ಡಿಸ್‌ಪ್ಲೇಯಲ್ಲಿ ಟಾರ್ಕ್, ಅಂದರೆ ತಿರುಗಿಸುವ ಬಲ, ತೋರಿಸುವ ಪುಟ ಇರುತ್ತದೆ, ಹದಿನೇಳರ ಆಸುಪಾಸು ಬರಬೇಕು. ನಂತರ ಅವರು ಹಿಡಿಯುವ ರೀತಿಯಲ್ಲೇ ಸೊನ್ನೆ ಹಿಡಿದು, ಅದೇ ನೀರನ್ನು ಮತ್ತೆ ತೂಗು.

ನಿನ್ನ ಯಜಮಾನರ ಮೇಲೆ ಆರೋಪ ಹೊರಿಸುತ್ತಿಲ್ಲ. ಗೊತ್ತಿಲ್ಲದೆ ಮಾಡಿರಬಹುದು. ಆದರೆ ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ, ಬುಗುರಿ.

ಅಕ್ಕ


ಆಗಸ್ಟ್ 30

ಅಕ್ಕಾ, ಅಕ್ಕಾ, ಅಕ್ಕಾ,

ನೀನು ಇಲ್ಲಿದ್ದಿದ್ದರೆ ಎತ್ತಿ ಒಂದು ಸುತ್ತು ತಿರುಗಿಸುತ್ತಿದ್ದೆ, ನನ್ನಲ್ಲಿ ಎಷ್ಟು ಶಕ್ತಿಯಿದೆ ಎಂದು ಗೊತ್ತಾಗುತ್ತಿತ್ತು.

ಮಧ್ಯಾಹ್ನ ಇವರು ಆಫೀಸಿನಲ್ಲಿದ್ದಾಗ ಪರೀಕ್ಷೆ ಮಾಡಿದೆ. ಬಿಲ್ಲೆ ಹಿಡಿಯಲು ಯಾರಿದ್ದಾರೆ, ಅತ್ತೆಯೇ. ಹೆದರುತ್ತಾ ಕೇಳಿದೆ. ಅವರು ಏನೂ ಕೇಳದೆ ಸೆರಗು ಸಿಕ್ಕಿಸಿ, ಟವೆಲ್ ತಂದು, ಕಬ್ಬಿಣದ ಬಿಲ್ಲೆಯನ್ನು ತುಂಟ ಕರುವನ್ನು ಹಿಡಿದ ಹಾಗೆ ತಬ್ಬಿ ಕೂತರು. ನಾನು ಲೀಟರಿನ ಬಾಟಲಿಯಿಂದ ಅಳೆದು ಅಳೆದು ನೀರು ಸುರಿದೆ. ಖಾಲಿ ಪೆಡಲಿನಲ್ಲಿ ಸೊನ್ನೆ ಹಿಡಿದು ತೂಗಿದರೆ ನೀನು ಹೇಳಿದ್ದೇ ಬಂತು, ಹದಿನೇಳು ಚಿಲ್ಲರೆ. ಆ ಚಿಲ್ಲರೆ ಬಕೆಟ್ಟಿನದು ಎಂದುಕೊಂಡೆ. ಆಮೇಲೆ ಸೀಟು ಹತ್ತಿ, ಶೂ ಸಿಕ್ಕಿಸಿ, ಇವರ ರೀತಿಯಲ್ಲಿ ಸೊನ್ನೆ ಹಿಡಿದು, ಇಳಿದು, ಅದೇ ಬಕೆಟ್ ನೇತುಹಾಕಿದೆ. ಒಂಬತ್ತು!

ಅತ್ತೆ ಎದ್ದು ಬಂದು ಬಕೆಟ್ಟಿನೊಳಗೆ ಬಗ್ಗಿ ನೋಡಿದರು.

"ಅರ್ಧ ನೀರು ಎಲ್ಲೋಯ್ತೇ?"

"ನೀರು ಅಲ್ಲೇ ಇದೆ ಅತ್ತೆ. ಮೀಟರ್‌ಗೆ ಕಾಣ್ತಿಲ್ಲ."

ಅವರು ಬಹಳ ಹೊತ್ತು ನೀರನ್ನೇ ನೋಡಿದರು. ಆಮೇಲೆ, ಬಿಪಿ ನೋಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು ಅಂತ ಕ್ಲಿನಿಕ್ಕಿನ ನರ್ಸ್ ಹೇಳುತ್ತಿದ್ದಳು, ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ನಾನು ಗಮನ ಕೊಡಲಿಲ್ಲ, ಆಗಲೇ ಸೀಟು ಹತ್ತಿದ್ದೆ. ಸರಿಯಾದ ಸೊನ್ನೆ ಹಿಡಿದು ಇಪ್ಪತ್ತು ನಿಮಿಷ ತುಳಿದೆ. ನೂರಾ ಎಪ್ಪತ್ತೆರಡು. ಕಿಟಕಿ ತೆರೆದಿಟ್ಟೇ ತುಳಿದೆ.

ಇವರು ಫೋನ್ ಮಾಡಿದ್ದು ಓದಿ ಮೊದಲು ಸ್ವಲ್ಪ ಅತ್ತುಬಿಟ್ಟೆ. ಆಮೇಲೆ ಯೋಚಿಸಿದರೆ ಪಾಪ, ಆ ತಪ್ಪು ಅಂಕಿಯನ್ನು ನಿಜವೆಂದು ನಂಬಿ ಹೆದರಿದ್ದಾರೆ. ನನ್ನ ಕಾಲು ಹಿಡಿದು ಶೂ ಹಾಕುವ ಪ್ರೀತಿಯಿಂದಲೇ ಮೀಟರು ಕೆಟ್ಟಿತು, ಎಂಥ ತಮಾಷೆ. ಇಂದು ಸಂಜೆ ಹೇಳುತ್ತೇನೆ. ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ನೋಡು. ಚಹಾಕ್ಕೆ ನೀರಿಡು ಅಕ್ಕಾ, ಅಳೆದು ಇಡು.

ಈ ಪತ್ರವನ್ನು ಕೆಳಮನೆಯ ಟೈಲರಮ್ಮನ ಕೈಯಲ್ಲಿ ಅಂಚೆಗೆ ಹಾಕಿಸುತ್ತೇನೆಂದು ಅತ್ತೆ ತೆಗೆದುಕೊಂಡರು.

ನಿನ್ನ ನೂರಾ ಎಪ್ಪತ್ತೆರಡು ವ್ಯಾಟಿನ ಬುಗುರಿ


ಸೆಪ್ಟೆಂಬರ್ 3

ಅಕ್ಕಾ,

ಹೇಳಿದೆ. ನಗಲಿಲ್ಲ.

ಬಕೆಟ್ಟು, ಒಂಬತ್ತು, ಹದಿನೇಳು ಎಲ್ಲವನ್ನೂ ಕುಣಿಯುತ್ತಾ ಹೇಳಿದೆ. ಇವರು ಶೂ ಬಿಚ್ಚುತ್ತಾ ಕೇಳಿಸಿಕೊಂಡರು.

"ಗೊತ್ತು" ಎಂದರು. "ಮೊದಲ ವಾರ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯ್ತು."

ಮತ್ತೆ ಯಾಕೆ ಎಂದು ಕೇಳಿದೆ. ಇವರ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುವುದಿಲ್ಲ. ಅವತ್ತು ಬೆಳಗ್ಗೆ ನೋಡಿದ ಒಂದು ಸೈಕಲ್ಲಿನ ಬಗ್ಗೆ ಹೇಳಿದರು. ಹೇಗೆ ಮಡಚಿಹೋಗಿತ್ತು, ಬುಟ್ಟಿಯಲ್ಲಿ ಏನೇನಿತ್ತು. ಅದನ್ನು ನಾನು ಬರೆಯುವುದಿಲ್ಲ. ಕೊನೆಗೆ ನನ್ನ ಕೈ ಹಿಡಿದು, "ನೀನು ಇಲ್ಲಿ ಕೂತಿದ್ದರೆ ನನಗೆ ಆಫೀಸಲ್ಲಿ ಉಸಿರಾಡೋಕೆ ಆಗತ್ತೆ, ಅಷ್ಟೇ" ಎಂದರು.

ಗುರಿ ಈಗ ಇನ್ನೂರಾ ಇಪ್ಪತ್ತು. ರಸ್ತೆಗೆ ಅಷ್ಟಾದರೂ ಬೇಕಂತೆ.

ಆಮೇಲೆ ಎಂದಿನಂತೆ ಮೊಣಕಾಲೂರಿ ನನ್ನ ಶೂ ಸಿಕ್ಕಿಸಿದರು. ಅಲ್ಲಾಡಬೇಡ ಎಂದರು. ಸೊನ್ನೆ ಒತ್ತಿದರು. ಇಬ್ಬರಿಗೂ ಗೊತ್ತಿತ್ತು. ನಾನು ಅಲ್ಲಾಡಲಿಲ್ಲ ಅಕ್ಕಾ.

ತೊಂಬತ್ತೊಂದು ಬಂತು.

ಬು.


ಸೆಪ್ಟೆಂಬರ್ 10

ಬುಗುರಿ,

ಇನ್ನು ಅಳೆಯಬೇಡ. ಡೊಂಕು ಎಂದು ಗೊತ್ತಿದ್ದೂ ಹಾಗೇ ಇಟ್ಟುಕೊಂಡ ಮೇಲೆ ಅದು ಮೀಟರಲ್ಲ, ಬೀಗ. ನೀನು ಇನ್ನೂರಾ ಇಪ್ಪತ್ತು ಮಾಡಿದರೆ ಗುರಿ ಮುನ್ನೂರಾಗುತ್ತದೆ.

ಅವರ ಹೆದರಿಕೆ ನಿಜವೇ ಇರಬಹುದು. ಅವರ ಹೆದರಿಕೆಯನ್ನು ನೀನು ಯಾಕೆ ತುಳಿಯಬೇಕು?

ನಾನು ಇಳಿದು ಬರಲೇ? ಒಂದು ಸಾಲು ಬರೆ, ಬರುತ್ತೇನೆ. ನೀನೇ ಬರುವುದಾದರೆ ರಸ್ತೆ ತೆರೆದಿದೆ, ಗಾಳಿ ಇಳಿದಿದೆ. ಏರು ಕಡಿದು ಎಂದು ಬರೆದದ್ದು ಬೇರೆಯವರ ಮಾತು ಕೇಳಿ. ಗ್ಯಾಸ್ ಒಲೆ ಇಲ್ಲದಿದ್ದರೆ ನಿನಗೆ ಅದು ಏನೂ ಅಲ್ಲ.

ಒಂದೇ ಪ್ರಶ್ನೆ. ನಿನ್ನ ಸೈಕಲ್ಲಿನ ಹಿಂದಿನ ಚಕ್ರ ಎಲ್ಲಿದೆ?

ಅಕ್ಕ


ಸೆಪ್ಟೆಂಬರ್ 19

ಅಕ್ಕಾ,

ನೀನು ಕೇಳುವವರೆಗೆ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ, ನಂಬುತ್ತೀಯಾ? ಎರಡೂವರೆ ತಿಂಗಳು ವ್ಯಾಟಿನ ಬಗ್ಗೆ ಕೊರಗಿದೆ, ಚಕ್ರದ ಬಗ್ಗೆ ಒಂದು ಮಾತು ಕೇಳಲಿಲ್ಲ. ನೂರಾ ಅರವತ್ತು ಬಂದ ಮೇಲೆ ಅದು ತಾನಾಗಿ ಎಲ್ಲಿಂದಲೋ ಉರುಳಿ ಬರುತ್ತದೆ ಎಂದುಕೊಂಡಿದ್ದೆನೇನೋ.

ಇವರನ್ನು ಕೇಳಿದೆ. ಆಫೀಸಿನ ಗೋದಾಮಿನಲ್ಲಿದೆ ಎಂದರು. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಮರುದಿನ ಅಟ್ಟ ಹುಡುಕಿದೆ, ಬೀರುವಿನ ಹಿಂದೆ ಹುಡುಕಿದೆ, ಬಾಲ್ಕನಿಯ ಹಳೇ ಫ್ರಿಜ್ಜಿನೊಳಗೂ ಬಗ್ಗಿ ನೋಡಿದೆ. ಎಲ್ಲೂ ಇಲ್ಲ. ಧೂಳು ಮೆತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕೂತೆ. ಅತ್ತೆ ಏನು ಹುಡುಕುತ್ತಿದ್ದೀಯ ಎಂದು ಕೇಳಿದರು. ಹೇಳಿದೆ.

ಅವರು ಕೈ ಒರೆಸಿಕೊಂಡು ತಮ್ಮ ಕೋಣೆಗೆ ಹೋದರು. ಮಂಚದ ಕೆಳಗಿನ ಟ್ರಂಕನ್ನು ಎಳೆದರು. ಅದರ ಹಿಂದೆ, ಹಳೇ ದುಪ್ಪಟಿಯಲ್ಲಿ ಮಗುವಿನ ಹಾಗೆ ಸುತ್ತಿಟ್ಟ ಚಕ್ರ. ಒಂದು ಕಡ್ಡಿಯ ಮೇಲೂ ಧೂಳಿಲ್ಲ ಅಕ್ಕಾ. ವಾರಕ್ಕೊಮ್ಮೆ ಮಂಚದ ಕೆಳಗೆ ಗುಡಿಸುವಾಗ ಅದನ್ನೂ ಒರೆಸುತ್ತಿದ್ದರಂತೆ.

"ಇಲ್ಲೇ ಇತ್ತಾ ಅತ್ತೆ? ಇಷ್ಟು ದಿನ?"

"ನೀನು ಕೇಳಲೇ ಇಲ್ವಲ್ಲೇ." ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಗಾಳಿ ಕಮ್ಮಿ ಇದೆ."

ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಹೇಳಬಹುದಿತ್ತಲ್ಲ ಎಂದು ಸ್ವಲ್ಪ ಜೋರಾಗಿಯೇ ಅಂದೆ. ಅವರು ಟ್ರಂಕಿನ ಮೇಲೆ ಕೂತು, ಮಗ ಇದನ್ನು ತಂದು ಕೊಟ್ಟಾಗ ಯಾಕೆ ಎಂದು ತಾನೂ ಕೇಳಲಿಲ್ಲ ಎಂದರು. ಮೆಟ್ಟಿಲು ಬೇಡ ಎಂದಾಗಲೂ ಕೇಳಲಿಲ್ಲ. ಬಕೆಟ್ಟಿನ ದಿನದಿಂದ ಕೇಳಬೇಕು ಎನ್ನಿಸುತ್ತಿದೆ, ಆದರೆ ಅಭ್ಯಾಸ ತಪ್ಪಿಹೋಗಿದೆ ಎಂದರು.

ಇಂದು ಬೆಳಗ್ಗೆ ಇವರು ಹೋದ ಮೇಲೆ ಟ್ರೈನರಿನಿಂದ ಸೈಕಲ್ ಬಿಚ್ಚಿ ಚಕ್ರ ಹಾಕಿದೆ. ಕೈ ಮರೆತಿಲ್ಲ. ಮೀಟರನ್ನು ಬಿಚ್ಚಲು ಬರುವುದಿಲ್ಲ, ಅದು ಪೆಡಲಿನ ತೋಳಿನೊಳಗೇ ಇದೆ, ಇರಲಿ. ಖಾಲಿ ಪೆಡಲಿನಲ್ಲಿ ಸೊನ್ನೆ ಹಿಡಿದು, ಡಿಸ್‌ಪ್ಲೇಯನ್ನು ಮಾತ್ರ ಬಿಚ್ಚಿ ಇವರ ದಿಂಬಿನ ಮೇಲೆ ಇಟ್ಟೆ. ಚೀಟಿ ಬರೆಯಲು ಕೂತರೆ ಹಾಳೆಯ ತುಂಬ ಪ್ರೀತಿಯೇ ಬಂತು, ಹರಿದು ಹಾಕಿದೆ. ಅಕ್ಕನ ಹತ್ತಿರ ಹೋಗುತ್ತಿದ್ದೇನೆ, ನೀವೂ ಬನ್ನಿ, ರಸ್ತೆಯಲ್ಲೇ ಬನ್ನಿ ಎಂದಷ್ಟೇ ಬರೆದಿಟ್ಟೆ. ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ನಾನು ಏನಾಗಬೇಕು ಎಂದುಕೊಂಡು ಹೊರಟಿದ್ದೇನೆ ಎಂಬುದೂ ಗೊತ್ತಿಲ್ಲ.

ಈ ಪತ್ರವನ್ನು ಕಟ್ಟಡದ ಕೆಳಗಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಇಳಿದೆ. ಅಂಗಳದಲ್ಲಿ ಒಮ್ಮೆ ಹತ್ತಿ ನೋಡೋಣ ಎಂದು ಕಾಲನ್ನು ಪೆಡಲಿನ ಮೇಲಿಟ್ಟಾಗ ಉಸಿರು ತಾನಾಗಿಯೇ ಬಿಗಿಯಿತು. ಯಾರಾದರೂ 'ಅಲ್ಲಾಡಬೇಡ' ಎನ್ನುತ್ತಾರೆಂದು ಕಾದೆ. ಯಾರೂ ಹೇಳಲಿಲ್ಲ. ಆದರೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.

ಟಪಾಲಿನ ಜೀಪು ಗುರುವಾರ ಬರುತ್ತದೆ, ಅದಕ್ಕಿಂತ ಮೊದಲೇ ನಾನು ಬಂದಿರಬಹುದು. ಹಾಗಾದರೆ ಇದನ್ನು ನನ್ನ ಎದುರಿಗೇ ಓದು, ನಾನು ಬೇರೆ ಕಡೆ ನೋಡುತ್ತೇನೆ.

ಅತ್ತೆಯೂ ಇಳಿದು ಬಂದಿದ್ದಾರೆ. ಒಂದೊಂದು ಮಹಡಿಗೂ ನಿಂತು, ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಗಾಳಿ ಪಂಪು ಹಿಡಿದು ಬಂದರು. ಈಗ ಪಕ್ಕದಲ್ಲಿ ಕೂತು ಸುಮ್ಮನೆ ಸುಧಾರಿಸಿಕೊಳ್ಳುತ್ತಿದ್ದಾರೆ. ಪತ್ರ ಬೇಗ ಮುಗಿಸು ಎನ್ನುತ್ತಿದ್ದಾರೆ. ಅಂಚೆ ಡಬ್ಬಿ ರಸ್ತೆಯ ಆಚೆ ಬದಿಗಿದೆ. ದಾರಿಯಲ್ಲಿ ನಾನೇ ಹಾಕುತ್ತೇನೆ ಎಂದೆ. ಬೇಡವಂತೆ, ಅವರೇ ದಾಟುತ್ತಾರಂತೆ.

ಬುಗುರಿ